ಕಾನ್ಫಿಗರೇಶನ್ ಫೈಲಿನ ದಾರಿ ಎಲ್ಲಿಂದ ಹೊರಡಬೇಕು?

ಗಿಟ್‌ನಿಂದ ಒಂದು ಪ್ರಾಜೆಕ್ಟನ್ನು ಇಳಿಸಿಕೊಂಡು, ಎಡಿಟರ್‌ನಲ್ಲಿ ತೆರೆದು, ಎಫ್5 ಒತ್ತಿದಾಗ ಏನಾಗುತ್ತದೆ ಎಂಬುದನ್ನು ನೋಡಿದರೆ ಸಾಕು, ಆ ಪ್ರಾಜೆಕ್ಟ್ ಹೊಸಬರನ್ನು ಹೇಗೆ ಬರಮಾಡಿಕೊಳ್ಳುತ್ತದೆ ಎಂದು ತಿಳಿದುಬಿಡುತ್ತದೆ. ಕೋಡ್ ಬಿಲ್ಡ್ ಆಗಿ ಬ್ರೇಕ್‌ಪಾಯಿಂಟ್‌ನಲ್ಲಿ ನಿಂತರೆ ಕೆಲಸ ಶುರುವಾಯಿತು ಎಂದೇ ಲೆಕ್ಕ. ಹಾಗಾಗದೆ, ಪ್ರೋಗ್ರಾಂ ಸಿಗಲಿಲ್ಲ ಎಂಬ ಸಂದೇಶ ಬಂದು, ಅದರೊಳಗೆ ಮತ್ಯಾರದೋ ಲ್ಯಾಪ್‌ಟಾಪಿನ ಹೋಮ್ ಡೈರೆಕ್ಟರಿಯ ಹೆಸರು ಕಂಡರೆ, ಹೊಸಬರ ಮೊದಲ ದಿನ ಬೇರೆಯವರ ಯಂತ್ರದ ವಿನ್ಯಾಸವನ್ನು ಊಹಿಸುವುದರಲ್ಲೇ ಕಳೆಯುತ್ತದೆ. ಅನುಭವಿಗಳು ಹತ್ತು ನಿಮಿಷದಲ್ಲಿ ಸರಿಮಾಡಿಕೊಂಡಾರು. ಈಗಷ್ಟೇ ಕಲಿಯುತ್ತಿರುವ ವಿದ್ಯಾರ್ಥಿ ಮಾತ್ರ ತಪ್ಪು ತನ್ನದೇ ಎಂದುಕೊಳ್ಳುತ್ತಾನೆ. ನನಗೆ ಬೇಸರ ತರುವುದು ಇದು.

ಬಿಲ್ಡ್ ಮತ್ತು ಡೀಬಗ್ ಕಾನ್ಫಿಗರೇಶನ್‌ಗಳಲ್ಲಿ ಬಳಸುವ ಪಾತ್ ವೇರಿಯಬಲ್‌ಗಳನ್ನು ಎಲ್ಲರೂ ಅನುಕೂಲದ ವಿಷಯ ಎಂದೇ ಮಾತನಾಡುತ್ತಾರೆ: ಟೈಪ್ ಮಾಡುವುದು ಕಡಿಮೆ, ಬದಲಾಯಿಸುವುದು ಸುಲಭ. ನನ್ನ ದೃಷ್ಟಿಯಲ್ಲಿ ವಿಷಯ ಅದಕ್ಕಿಂತ ಗಂಭೀರವಾದದ್ದು. ಹಂಚಿಕೊಂಡ ಕಾನ್ಫಿಗರೇಶನ್ ಫೈಲಿನಲ್ಲಿ ಬರೆದ ಪ್ರತಿಯೊಂದು ಪಾತ್ ಓದುವವರ ಯಂತ್ರದ ಬಗ್ಗೆ ಒಂದು ಹೇಳಿಕೆ. ಆ ಹೇಳಿಕೆ ಪ್ರಾಜೆಕ್ಟನ್ನು ತೆರೆಯುವ ಎಲ್ಲರ ಪಾಲಿಗೂ ನಿಜವಾಗಿರುವ ಜಾಗದಿಂದ ಹೊರಡಬೇಕು. ವೇರಿಯಬಲ್ ಹಾಕಿದ ಮಾತ್ರಕ್ಕೆ ಈ ಷರತ್ತು ಪೂರೈಸುವುದಿಲ್ಲ. ಯಾವ ವೇರಿಯಬಲ್ ಎಂಬ ಆಯ್ಕೆಯಲ್ಲೇ ತೀರ್ಮಾನ ಅಡಗಿದೆ, ಮತ್ತು ನಮ್ಮಲ್ಲಿ ಬಹುಪಾಲು ಜನ ಆ ತೀರ್ಮಾನವನ್ನು ಎಡಿಟರ್ ಕೊಟ್ಟ ಡೀಫಾಲ್ಟ್‌ಗೆ ಬಿಟ್ಟುಬಿಟ್ಟಿದ್ದೇವೆ.

ಇವತ್ತು ಹೆಚ್ಚು ಜನರ ಕೈಯಲ್ಲಿರುವ ಎಡಿಟರ್ ಎಂಬ ಕಾರಣಕ್ಕೆ ವಿಷುಯಲ್ ಸ್ಟುಡಿಯೋ ಕೋಡನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಮೈಕ್ರೋಸಾಫ್ಟ್ ಅದನ್ನು ಪ್ರಕಟಿಸಿದ್ದು 2015ರ ಏಪ್ರಿಲ್‌ನಲ್ಲಿ. ಅದೇ ವರ್ಷದ ನವೆಂಬರ್‌ನಲ್ಲಿ ಮೂಲ ಕೋಡ್ ತೆರೆದಿಟ್ಟಿತು. ಪ್ರಾಜೆಕ್ಟಿನ ಮೇಲ್ಮಟ್ಟದಲ್ಲಿ 'ಡಾಟ್ ವಿಎಸ್‌ಕೋಡ್' ಎಂಬ ಫೋಲ್ಡರ್ ಇರುತ್ತದೆ. ಅದರೊಳಗಿನ ಟಾಸ್ಕ್ಸ್ ಫೈಲ್ ಬಿಲ್ಡ್ ಮಾಡುವ ಬಗೆಯನ್ನೂ ಲಾಂಚ್ ಫೈಲ್ ಡೀಬಗ್ ಮಾಡುವ ಬಗೆಯನ್ನೂ ಜೇಸನ್ ರೂಪದಲ್ಲಿ ಹೇಳುತ್ತವೆ. ಡಾಲರ್ ಚಿಹ್ನೆ ಹಾಕಿ ಫ್ಲವರ್ ಬ್ರಾಕೆಟ್ಟಿನೊಳಗೆ ಒಂದು ಹೆಸರು ಬರೆದರೆ, ಟಾಸ್ಕ್ ಓಡುವ ಹೊತ್ತಿಗೆ ಎಡಿಟರ್ ಅಲ್ಲಿ ನಿಜವಾದ ಪಾತ್ ತುಂಬುತ್ತದೆ. ತೆರೆದಿರುವ ಫೋಲ್ಡರಿಗೆ ವರ್ಕ್‌ಸ್ಪೇಸ್‌ಫೋಲ್ಡರ್, ಕಣ್ಣ ಮುಂದಿರುವ ಫೈಲಿಗೆ ಫೈಲ್, ಆ ಫೈಲ್ ಇರುವ ಫೋಲ್ಡರಿಗೆ ಫೈಲ್‌ಡೈರ್‌ನೇಮ್, ಎಕ್ಸ್‌ಟೆನ್ಶನ್ ಕಳಚಿದ ಹೆಸರಿಗೆ ಫೈಲ್‌ಬೇಸ್‌ನೇಮ್‌ನೋಎಕ್ಸ್‌ಟೆನ್ಶನ್, ಬಳಕೆದಾರರ ಮನೆ ಡೈರೆಕ್ಟರಿಗೆ ಯೂಸರ್‌ಹೋಮ್. ಇವಲ್ಲದೆ ಆಪರೇಟಿಂಗ್ ಸಿಸ್ಟಮ್ಮಿನ ಪರಿಸರದಿಂದ ಓದುವ 'ಎನ್ವ್', ಸೆಟ್ಟಿಂಗ್ಸ್‌ನಿಂದ ಓದುವ 'ಕಾನ್ಫಿಗ್', ಬಳಕೆದಾರರನ್ನೇ ಕೇಳುವ 'ಇನ್‌ಪುಟ್' ಎಂಬ ಬಗೆಗಳಿವೆ.

ಈ ಪಟ್ಟಿಯನ್ನು ಒಂದೇ ಸಾಲಿನಲ್ಲಿ ಓದಿದಾಗ ಎಲ್ಲವೂ ಒಂದೇ ಜಾತಿಯವು ಎನಿಸುತ್ತದೆ. ಹಾಗಲ್ಲ. ಪ್ರತಿಯೊಂದೂ ಬೇರೆ ಬೇರೆ ಜಾಗದಿಂದ ಅಳೆಯುತ್ತದೆ. ಮದುವೆಯ ಕರೆಯೋಲೆಯಲ್ಲಿ ಕಲ್ಯಾಣ ಮಂಟಪಕ್ಕೆ ದಾರಿ ಅಚ್ಚು ಹಾಕಿಸುವವರು 'ನಮ್ಮ ಮನೆಯಿಂದ ಹೊರಟು ಎಡಕ್ಕೆ ತಿರುಗಿ' ಎಂದು ಹಾಕಿಸುವುದಿಲ್ಲ. ಬರುವ ನೆಂಟರೆಲ್ಲ ಇಳಿಯುವ ಬಸ್ ನಿಲ್ದಾಣದಿಂದ ಹೇಳುತ್ತಾರೆ. ವರ್ಕ್‌ಸ್ಪೇಸ್‌ಫೋಲ್ಡರ್ ಆ ನಿಲ್ದಾಣಕ್ಕೆ ಹತ್ತಿರವಾದದ್ದು, ಏಕೆಂದರೆ ಪ್ರಾಜೆಕ್ಟನ್ನು ತೆರೆದ ಯಾರ ಬಳಿಯಾದರೂ ಅದರ ಬೇರಿನ ಫೋಲ್ಡರ್ ಇರಲೇಬೇಕು. ಎನ್ವ್ ಅಳೆಯುವುದು ಆಯಾ ಯಂತ್ರವನ್ನು ಸಜ್ಜುಗೊಳಿಸಿದವರ ಶಿಸ್ತಿನಿಂದ. ಫೈಲ್ ಅಳೆಯುವುದು ಬಳಕೆದಾರರು ಆ ಕ್ಷಣ ಎಲ್ಲಿ ಕ್ಲಿಕ್ ಮಾಡಿದ್ದಾರೆ ಎಂಬುದರಿಂದ.

ಆ ಕೊನೆಯದರ ಮೇಲೆ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಹೆಚ್ಚು ಹಾನಿ ಅಲ್ಲೇ ಆಗುತ್ತಿದೆ. ಸಿ ಅಥವಾ ಸಿ++ ಕೋಡನ್ನು ಮೊದಲ ಸಲ ಓಡಿಸಲು ಹೋದಾಗ ಎಡಿಟರ್ ತಾನೇ ಒಂದು ಬಿಲ್ಡ್ ಟಾಸ್ಕ್ ಬರೆದುಕೊಡುತ್ತದೆ. ತೆರೆದಿರುವ ಫೈಲನ್ನು ಜಿಸಿಸಿಗೆ ಕೊಡು, ಫಲಿತಾಂಶವನ್ನು ಅದೇ ಫೋಲ್ಡರಿನಲ್ಲಿ, ಎಕ್ಸ್‌ಟೆನ್ಶನ್ ಇಲ್ಲದ ಅದೇ ಹೆಸರಿನಲ್ಲಿ ಇಡು ಎಂಬುದು ಅದರ ಸಾರ. ಮೊದಲ ಪಾಠದ ಒಂದೇ ಫೈಲಿನ ಪ್ರೋಗ್ರಾಮಿಗೆ ಇದು ಸೊಗಸಾಗಿ ಕೆಲಸ ಮಾಡುತ್ತದೆ, ಅದಕ್ಕಾಗಿ ಅದನ್ನು ಮಾಡಿದವರನ್ನು ದೂರುವಂತಿಲ್ಲ. ತೊಡಕು ಕಾಣುವುದು ಎರಡನೇ ಫೈಲ್ ಬಂದಾಗ. ಸ್ಟ್ಯಾಕ್‌ನ ಫಂಕ್ಷನ್‌ಗಳನ್ನು ಒಂದು ಫೈಲಿನಲ್ಲೂ ಮೇನ್ ಫಂಕ್ಷನ್ನನ್ನು ಇನ್ನೊಂದರಲ್ಲೂ ಬರೆದ ವಿದ್ಯಾರ್ಥಿಗೆ ಲಿಂಕರ್ 'ಈ ಫಂಕ್ಷನ್ ಎಲ್ಲೂ ಸಿಗಲಿಲ್ಲ' ಎನ್ನುತ್ತದೆ. ಅವನ ಕೋಡ್ ಸರಿಯಿದೆ, ಹೆಡರ್ ಸರಿಯಿದೆ. ಟಾಸ್ಕ್ ಕಂಪೈಲರಿಗೆ ಕೊಟ್ಟದ್ದು ಒಂದೇ ಫೈಲ್. ಇನ್ನೂ ವಿಚಿತ್ರವಾದದ್ದೊಂದಿದೆ. ಕಾನ್ಫಿಗರೇಶನ್ನನ್ನು ತಿದ್ದಲೆಂದು ಟಾಸ್ಕ್ಸ್ ಫೈಲನ್ನೇ ತೆರೆದು, ಆ ಟ್ಯಾಬ್ ಮುಂದಿರುವಾಗಲೇ ಎಫ್5 ಒತ್ತಿದರೆ, ಎಡಿಟರ್ ಆ ಜೇಸನ್ ಫೈಲನ್ನೇ ಕಂಪೈಲರಿಗೆ ಕೊಡುತ್ತದೆ. ಬರುವ ದೋಷ ಸಂದೇಶಕ್ಕೂ ಪ್ರೋಗ್ರಾಮಿಗೂ ಸಂಬಂಧವಿರುವುದಿಲ್ಲ. ಯಾವ ಟ್ಯಾಬ್ ಮುಂದಿದೆ ಎಂಬುದರ ಮೇಲೆ ಪ್ರಾಜೆಕ್ಟಿನ ಬಿಲ್ಡ್ ನಿಂತಿರಬಾರದು. ಫೈಲ್ ವೇರಿಯಬಲ್ಲಿನಲ್ಲಿ ಎಲ್ಲೂ ಯಾರ ಯಂತ್ರದ ಹೆಸರೂ ಇಲ್ಲ, ನೋಡಲು ಅದು ಸಾರ್ವತ್ರಿಕ. ಆದರೂ ಅದರ ಅರ್ಥ ಒಬ್ಬ ವ್ಯಕ್ತಿಯ ಒಂದು ಕ್ಷಣಕ್ಕೆ ಅಂಟಿಕೊಂಡಿದೆ.

ಅದಕ್ಕೆ ಯೋಗ್ಯವಾದ ಜಾಗವೂ ಇದೆ. ಈಗ ತಿದ್ದುತ್ತಿರುವ ಫೈಲಿನ ಟೆಸ್ಟ್‌ಗಳನ್ನಷ್ಟೇ ಓಡಿಸು, ಈ ಫೈಲನ್ನು ಫಾರ್ಮ್ಯಾಟ್ ಮಾಡು, ಈ ಸ್ಕ್ರಿಪ್ಟನ್ನು ಒಮ್ಮೆ ಓಡಿಸಿ ನೋಡು ಎಂಬಂಥ ಕೆಲಸಗಳಲ್ಲಿ 'ಈಗ ಕಣ್ಣ ಮುಂದಿರುವುದು' ಎಂಬುದೇ ಉದ್ದೇಶ. ಇಂಥ ಟಾಸ್ಕ್‌ಗಳನ್ನು ಬರೆದಿಡುವುದು ಒಳ್ಳೆಯದೇ. ಇಡೀ ಪ್ರಾಜೆಕ್ಟನ್ನು ಬಿಲ್ಡ್ ಮಾಡುವ ಟಾಸ್ಕಿನೊಳಗೆ ಅದು ನುಸುಳುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಪೈಥಾನ್ ಬಳಸುವವರಿಗೆ ಇದೇ ತೊಂದರೆ ಬೇರೆ ವೇಷದಲ್ಲಿ ಬರುತ್ತದೆ. ಡೇಟಾ ಫೈಲೊಂದನ್ನು ಬರೀ ಹೆಸರಿನಿಂದ ತೆರೆಯುವ ಸ್ಕ್ರಿಪ್ಟ್, ಟರ್ಮಿನಲ್‌ನಲ್ಲಿ ಅದರ ಫೋಲ್ಡರಿಗೇ ಹೋಗಿ ಓಡಿಸಿದರೆ ಸರಿಯಾಗಿ ಓಡುತ್ತದೆ, ಡೀಬಗರ್‌ನಲ್ಲಿ ಓಡಿಸಿದರೆ ಫೈಲ್ ಇಲ್ಲ ಎನ್ನುತ್ತದೆ. ಕಾರಣ ಸರಳ. ಓಡಬೇಕಾದ ಪ್ರೋಗ್ರಾಂ ಯಾವುದು ಎಂಬುದನ್ನು ಡೀಫಾಲ್ಟ್ ಕಾನ್ಫಿಗರೇಶನ್ ಫೈಲ್ ವೇರಿಯಬಲ್ಲಿನಿಂದ ತೆಗೆದುಕೊಳ್ಳುತ್ತದೆ, ಅದು ಯಾವ ಫೋಲ್ಡರಿನಲ್ಲಿ ನಿಂತು ಓಡಬೇಕು ಎಂಬುದನ್ನು ವರ್ಕ್‌ಸ್ಪೇಸ್‌ಫೋಲ್ಡರಿನಿಂದ. ಎರಡು ಬೇರೆ ಆಧಾರಗಳು ಒಂದೇ ಕಾನ್ಫಿಗರೇಶನ್ನಿನಲ್ಲಿ ಸೇರಿವೆ, ಆದರೆ ಎರಡನೆಯದನ್ನು ಫೈಲಿನಲ್ಲಿ ಯಾರೂ ಬರೆದಿಲ್ಲ. ಬರೆಯದೆ ಬಿಟ್ಟದ್ದಕ್ಕೆ ಎಡಿಟರ್ ತುಂಬಿಕೊಂಡ ಉತ್ತರ ಅದು. ಆದ್ದರಿಂದ ನಾನು ನೋಡುವ ಪ್ರತಿ ಲಾಂಚ್ ಫೈಲಿನಲ್ಲೂ ಕೆಲಸದ ಡೈರೆಕ್ಟರಿಯನ್ನು ಸ್ಪಷ್ಟವಾಗಿ ಬರೆಯಿರಿ ಎಂದು ಹೇಳುತ್ತೇನೆ. ಡೀಫಾಲ್ಟ್ ಬೆಲೆಯನ್ನೇ ಮತ್ತೆ ಬರೆದಂತಾದರೂ ಸರಿ, ಓದುವವರಿಗೆ ಅದು ಕಾಣುತ್ತದೆ.

ಹಾಗಾದರೆ ಎಲ್ಲ ಕಡೆ ವರ್ಕ್‌ಸ್ಪೇಸ್‌ಫೋಲ್ಡರ್ ಎಂದು ಹಾಕಿ ನಿಶ್ಚಿಂತರಾಗಬಹುದೇ? ಅದಕ್ಕೂ ಒಂದು ಊಹೆಯ ಮೇಲೆ ಕಾಲೂರಿದ ಇತಿಹಾಸವಿದೆ. ಆರಂಭದಲ್ಲಿ ಅದರ ಜಾಗದಲ್ಲಿದ್ದದ್ದು ವರ್ಕ್‌ಸ್ಪೇಸ್‌ರೂಟ್. ಒಂದು ಕಿಟಕಿಗೆ ಒಂದೇ ಫೋಲ್ಡರ್ ಎಂಬ ಎಣಿಕೆಯಲ್ಲಿ ಅದು ಹುಟ್ಟಿತ್ತು. 2017ರಲ್ಲಿ ಒಂದೇ ಕಿಟಕಿಯಲ್ಲಿ ಹಲವು ಬೇರು ಫೋಲ್ಡರುಗಳನ್ನು ತೆರೆಯುವ ಸೌಲಭ್ಯ ಬಂದಾಗ ಆ ಎಣಿಕೆ ಮುರಿಯಿತು. ಹಳೆಯ ಹೆಸರನ್ನು ಬದಿಗಿಟ್ಟು ಈಗಿನದನ್ನು ತಂದರು, ಕೋಲನ್ ಹಾಕಿ ಯಾವ ಫೋಲ್ಡರ್ ಎಂದು ಹೆಸರಿಸುವ ಅವಕಾಶವನ್ನೂ ಕೊಟ್ಟರು. ಇದಕ್ಕಿಂತ ದಿನನಿತ್ಯದ ತೊಂದರೆ ಬೇರೆಯದು. ಪ್ರಾಜೆಕ್ಟಿನ ಫೋಲ್ಡರನ್ನು ತೆರೆಯುವ ಬದಲು ಅದರ ಮೇಲಿನ, ಸೆಮಿಸ್ಟರಿನ ಎಲ್ಲ ಲ್ಯಾಬ್ ಕೆಲಸಗಳಿರುವ ಫೋಲ್ಡರನ್ನು ತೆರೆದರೆ, ವರ್ಕ್‌ಸ್ಪೇಸ್‌ಫೋಲ್ಡರ್ ಒಂದು ಮೆಟ್ಟಿಲು ಮೇಲಕ್ಕೆ ಸರಿಯುತ್ತದೆ. ಒಳಗಿನ ಡಾಟ್ ವಿಎಸ್‌ಕೋಡ್ ಫೋಲ್ಡರನ್ನು ಎಡಿಟರ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಫ್5 ಒತ್ತಿದಾಗ ಅದು ಹೊಸದಾಗಿ 'ಯಾವ ಡೀಬಗರ್ ಬೇಕು' ಎಂದು ಕೇಳುತ್ತದೆ, ಬರೆದಿಟ್ಟ ಕಾನ್ಫಿಗರೇಶನ್ ಎಲ್ಲಿ ಹೋಯಿತೆಂದು ಬಳಕೆದಾರರು ಗಾಬರಿಯಾಗುತ್ತಾರೆ. ವೇರಿಯಬಲ್ ತನ್ನ ಮಾತಿಗೆ ತಪ್ಪಿಲ್ಲ. 'ಯಾವ ಫೋಲ್ಡರನ್ನು ತೆರೆಯಬೇಕು' ಎಂಬ ಒಂದು ವಾಕ್ಯವನ್ನು ರೀಡ್‌ಮೀಯಲ್ಲಿ ಬರೆಯದಿದ್ದದ್ದು ತಪ್ಪು.

ಇದು ಈ ಎಡಿಟರಿಗಷ್ಟೇ ಅಂಟಿದ ಸಮಸ್ಯೆಯಲ್ಲ. ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಮೇಕ್ ಬರೆದ ಕಾಲದಿಂದಲೂ ಬಿಲ್ಡ್ ಸಾಧನಗಳು ಹೆಸರಿನ ಬದಲು ಸಂಬಂಧವನ್ನು ಹೇಳುವ ಚಿಹ್ನೆಗಳನ್ನು ಬಳಸುತ್ತ ಬಂದಿವೆ. ವಿಷುಯಲ್ ಸ್ಟುಡಿಯೋದಲ್ಲಿ ಸಲ್ಯೂಶನ್‌ಡೈರ್, ಪ್ರಾಜೆಕ್ಟ್‌ಡೈರ್, ಎಕ್ಲಿಪ್ಸ್‌ನಲ್ಲಿ ವರ್ಕ್‌ಸ್ಪೇಸ್ ಲೋಕ್, ಎಕ್ಸ್‌ಕೋಡ್‌ನಲ್ಲಿ ಎಸ್‌ಆರ್‌ಸಿರೂಟ್. ಇಂಟೆಲಿಜೆಯಂತೂ ಪ್ರಾಜೆಕ್ಟಿನೊಳಗಿನ ಪೂರ್ಣ ಪಾತ್ ಕೊಟ್ಟರೂ ಫೈಲಿನಲ್ಲಿ ಉಳಿಸುವಾಗ ತಾನಾಗಿಯೇ ಪ್ರಾಜೆಕ್ಟ್ ಡೈರ್ ಎಂಬ ಗುರುತಿಗೆ ಬದಲಾಯಿಸಿಕೊಳ್ಳುತ್ತದೆ. ಬೇರೆ ಎಡಿಟರುಗಳೂ ಇದನ್ನು ಕಲಿಯಬೇಕು ಎಂಬುದು ನನ್ನ ಆಸೆ. ಎಲ್ಲೆಡೆಯೂ ಆಧಾರ ಜಾರುವ ಅಪಾಯ ಒಂದೇ ತೆರನಾದದ್ದು. ಸಲ್ಯೂಶನ್ನನ್ನು ಬಿಟ್ಟು ಒಂದು ಪ್ರಾಜೆಕ್ಟನ್ನಷ್ಟೇ ಎಂಎಸ್‌ಬಿಲ್ಡ್‌ಗೆ ಕೊಟ್ಟರೆ ಸಲ್ಯೂಶನ್‌ಡೈರ್‌ಗೆ ಅರ್ಥವಿರುವುದಿಲ್ಲ. ಸಿಮೇಕ್‌ನಲ್ಲಿ ಸಿಮೇಕ್ ಸೋರ್ಸ್ ಡೈರ್ ಎಂದು ಬರೆದ ಲೈಬ್ರರಿಯನ್ನು ಇನ್ನೊಬ್ಬರು ತಮ್ಮ ಪ್ರಾಜೆಕ್ಟಿನ ಒಳಫೋಲ್ಡರಾಗಿ ಸೇರಿಸಿಕೊಂಡ ಕೂಡಲೇ ಆ ಹೆಸರು ಅವರ ಪ್ರಾಜೆಕ್ಟಿನ ಬೇರನ್ನು ತೋರಿಸತೊಡಗುತ್ತದೆ, ಲೈಬ್ರರಿ ತನ್ನ ಫೈಲುಗಳನ್ನೇ ಕಳೆದುಕೊಳ್ಳುತ್ತದೆ. ಅಲ್ಲಿ ಬೇಕಾದದ್ದು ಪ್ರಾಜೆಕ್ಟ್ ಸೋರ್ಸ್ ಡೈರ್.

ಪ್ರಾಜೆಕ್ಟಿನ ಒಳಗಿನ ಫೈಲುಗಳಿಗೆ ಬೇರಿನಿಂದ ದಾರಿ ಹೇಳಬಹುದು, ಸರಿ. ಹೊರಗಿನವಕ್ಕೆ? ಕಂಪೈಲರ್, ಮೈಕ್ರೋಕಂಟ್ರೋಲರಿನ ಎಸ್‌ಡಿಕೆ, ಆರ್ಮ್ ಬೋರ್ಡಿಗೆ ಬೇಕಾದ ಪ್ರತ್ಯೇಕ ಜಿಡಿಬಿ ಇವೆಲ್ಲ ಒಬ್ಬೊಬ್ಬರ ಯಂತ್ರದಲ್ಲಿ ಒಂದೊಂದು ಕಡೆ ಇರುತ್ತವೆ. ಸಾಮಾನ್ಯವಾಗಿ ಸಿಗುವ ಸಲಹೆ ಎನ್ವಿರಾನ್‌ಮೆಂಟ್ ವೇರಿಯಬಲ್ ಬಳಸಿ ಎಂಬುದು. ಸಲಹೆ ತಪ್ಪಲ್ಲ, ಅಪೂರ್ಣ. ವಿಷುಯಲ್ ಸ್ಟುಡಿಯೋ ಕೋಡ್‌ನಲ್ಲಿ ಎನ್ವ್ ಕೇಳಿದ ಹೆಸರು ಯಂತ್ರದಲ್ಲಿ ಇಲ್ಲದಿದ್ದರೆ ಅದು ದೂರುವುದಿಲ್ಲ. ಶೆಲ್‌ನ ಹಾಗೆಯೇ ಅಲ್ಲಿ ಖಾಲಿ ಬಿಡುತ್ತದೆ. 'ಎಸ್‌ಡಿಕೆ ರೂಟ್, ಅದರ ಕೆಳಗೆ ಬಿನ್, ಅದರ ಕೆಳಗೆ ಜಿಡಿಬಿ' ಎಂದು ಬರೆದ ಪಾತ್, ಎಸ್‌ಡಿಕೆ ರೂಟ್ ಖಾಲಿಯಾದಾಗ, ಸಿಸ್ಟಮ್ಮಿನ ಬಿನ್ ಫೋಲ್ಡರಿನ ಜಿಡಿಬಿಯಾಗಿಬಿಡುತ್ತದೆ. ಅಲ್ಲಿ ಅದೇ ಹೆಸರಿನ ಒಂದು ಪ್ರೋಗ್ರಾಂ ಇದ್ದರಂತೂ ತೊಂದರೆ ಇನ್ನೂ ಆಳಕ್ಕಿಳಿಯುತ್ತದೆ. ಬೋರ್ಡಿನ ಕೋಡಿಗೆ ಲ್ಯಾಪ್‌ಟಾಪಿನ ಡೀಬಗರ್ ಜೋತುಬಿದ್ದು, ಅರ್ಥವಾಗದ ಎಡವಟ್ಟುಗಳು ಶುರುವಾಗುತ್ತವೆ. ಹೋಮ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ಲಿನ ಕತೆಯೂ ಇದೇ: ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಅದು ಇರುತ್ತದೆ, ವಿಂಡೋಸ್‌ನಲ್ಲಿ ಆ ಕೆಲಸ ಮಾಡುವುದು ಯೂಸರ್‌ಪ್ರೊಫೈಲ್. ಎರಡಕ್ಕೂ ಹೊಂದುವಂತೆ ಎಡಿಟರ್ ತಾನೇ ಕೊಡುವ ಯೂಸರ್‌ಹೋಮ್ ಇರುವಾಗ ಎನ್ವ್ ಮೂಲಕ ಹೋಮ್ ಕೇಳುವುದಕ್ಕೆ ಕಾರಣವಿಲ್ಲ.

ಖಾಲಿಯಾದ ವೇರಿಯಬಲ್ ಏನು ಮಾಡಬಲ್ಲದು ಎಂಬುದಕ್ಕೆ ಎಡಿಟರಿನ ಆಚೆಯ ಒಂದು ಘಟನೆ ಎಲ್ಲರಿಗೂ ಗೊತ್ತಿರಬೇಕು. 2015ರ ಜನವರಿಯಲ್ಲಿ ಲಿನಕ್ಸ್‌ನ ಸ್ಟೀಮ್ ಗೇಮ್ ಕ್ಲೈಂಟಿನ ಶೆಲ್ ಸ್ಕ್ರಿಪ್ಟಿನಲ್ಲಿದ್ದ ದೋಷ ಬೆಳಕಿಗೆ ಬಂತು. ತಾನು ಇರುವ ಫೋಲ್ಡರನ್ನು ಸ್ಟೀಮ್‌ರೂಟ್ ಎಂಬ ವೇರಿಯಬಲ್ಲಿನಲ್ಲಿ ಇಟ್ಟುಕೊಂಡು, ಕೆಲವು ಸಂದರ್ಭಗಳಲ್ಲಿ ಅದರ ಕೆಳಗಿನದನ್ನೆಲ್ಲ ಅಳಿಸುವ ಸಾಲೊಂದು ಅದರಲ್ಲಿತ್ತು. ಸ್ಟೀಮ್ ಫೋಲ್ಡರನ್ನು ಬೇರೆಡೆಗೆ ಸರಿಸಿದ್ದ ಬಳಕೆದಾರರ ಯಂತ್ರದಲ್ಲಿ ಆ ವೇರಿಯಬಲ್ ಖಾಲಿಯಾಯಿತು, ಅಳಿಸುವ ಆಜ್ಞೆ ಬೇರಿನ ಡೈರೆಕ್ಟರಿಯಿಂದಲೇ ಶುರುವಾಯಿತು, ಆ ಬಳಕೆದಾರರಿಗೆ ಬರೆಯುವ ಹಕ್ಕಿದ್ದ ಫೈಲುಗಳೆಲ್ಲ ಹೋದವು. ಆ ಸಾಲು ಭಯಪಡುವಂಥದ್ದು ಎಂಬ ಟಿಪ್ಪಣಿ ಸ್ಕ್ರಿಪ್ಟಿನಲ್ಲೇ ಅದರ ಪಕ್ಕ ಇತ್ತು. ಭಯ ಗೊತ್ತಿದ್ದರೂ ಖಾಲಿ ಬೆಲೆಯ ಪರೀಕ್ಷೆ ಇರಲಿಲ್ಲ. ಬಿಲ್ಡ್ ಫೋಲ್ಡರನ್ನು ತೊಳೆಯುವ 'ಕ್ಲೀನ್' ಟಾಸ್ಕನ್ನು ಎನ್ವ್ ವೇರಿಯಬಲ್ಲಿನಿಂದ ಶುರುಮಾಡುವವರು ಇದನ್ನು ಒಮ್ಮೆ ನೆನೆಯಬೇಕು. ನನ್ನ ಮಟ್ಟಿಗೆ ಇದರಲ್ಲಿ ರಾಜಿಯಿಲ್ಲ: ಅಳಿಸುವ ಟಾಸ್ಕಿನ ಪಾತ್ ವರ್ಕ್‌ಸ್ಪೇಸ್‌ಫೋಲ್ಡರಿನಿಂದಲೇ ಹೊರಡಬೇಕು, ಅಳಿಸುವ ಕೆಲಸವನ್ನು ಬಿಲ್ಡ್ ಸಾಧನವೇ ಮಾಡಬೇಕು.

ಹೊರಗಿನ ಸಾಧನಗಳ ಪ್ರಶ್ನೆಗೆ ಹಿಂತಿರುಗಿದರೆ, ಕಾನ್ಫಿಗ್ ಬಗೆಯ ವೇರಿಯಬಲ್ ಹೆಚ್ಚು ಪ್ರಾಮಾಣಿಕ ಎನಿಸುತ್ತದೆ. ಪ್ರತಿಯೊಬ್ಬರೂ ತಮ್ಮ ಸ್ವಂತ ಸೆಟ್ಟಿಂಗ್ಸ್‌ನಲ್ಲಿ ಡೀಬಗರಿನ ಜಾಗವನ್ನು ಒಮ್ಮೆ ಬರೆದುಕೊಳ್ಳುತ್ತಾರೆ, ಹಂಚಿಕೊಂಡ ಲಾಂಚ್ ಫೈಲ್ ಆ ಹೆಸರನ್ನು ಕೇಳುತ್ತದೆ. ಹೆಸರು ಸಿಗದಿದ್ದರೆ ಎಡಿಟರ್ ಮುಂದೆ ಹೋಗದೆ ಅಲ್ಲೇ ನಿಂತು ಹೇಳುತ್ತದೆ. ಇನ್‌ಪುಟ್ ಬಗೆ ಪ್ರತಿ ಸಲ ಕೇಳುವುದರಿಂದ ಪಾತ್‌ಗಳಿಗೆ ಒಗ್ಗುವುದಿಲ್ಲ. ಯಾವ ಬೋರ್ಡ್, ಯಾವ ಟೆಸ್ಟ್ ಎಂದು ಆರಿಸಿಕೊಳ್ಳಲು ಚೆನ್ನಾಗಿದೆ.

ಡೀಬಗ್ ಮಾಡುವಾಗ ಪಾತ್‌ಗೆ ಇನ್ನೊಂದು ಮುಖವಿದೆ, ಅದರ ಬಗ್ಗೆ ಸಾಕಷ್ಟು ಮಾತಾಡಿಲ್ಲ ಎಂಬುದು ನನ್ನ ಅಭಿಪ್ರಾಯ. ಡೀಬಗ್ ಮಾಹಿತಿಯೊಂದಿಗೆ ಕಂಪೈಲ್ ಮಾಡಿದಾಗ ಕಂಪೈಲರ್ ಆ ಕೋಡ್ ಯಾವ ಡೈರೆಕ್ಟರಿಯಲ್ಲಿ ನಿಂತು ಕಂಪೈಲ್ ಆಯಿತು ಎಂಬುದನ್ನೂ ಬೈನರಿಯೊಳಗೆ ಬರೆದಿಡುತ್ತದೆ. ಡೀಬಗರ್ ಸೋರ್ಸ್ ಹುಡುಕುವುದು ಆ ಪಾತ್ ಹಿಡಿದುಕೊಂಡು. ಕಾನ್ಫಿಗರೇಶನ್ ಫೈಲಿನಲ್ಲಿ ಎಷ್ಟೇ ಚೆಂದದ ವೇರಿಯಬಲ್ ಬಳಸಿದರೂ, ಕಂಪೈಲರಿಗೆ ಹೋಗುವುದು ಅದರ ಬಿಡಿಸಿದ ರೂಪ, ಬೈನರಿಯಲ್ಲಿ ಉಳಿಯುವುದೂ ಅದೇ. 2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಎಂಬ ಕಂಪ್ಯೂಟರ್ ವರ್ಮ್‌ನ ಒಂದು ಡ್ರೈವರ್ ಫೈಲಿನಲ್ಲಿ ಇಂಥದೊಂದು ಪಾತ್ ಉಳಿದುಹೋಗಿತ್ತು: 'ಮಿರ್ಟಸ್' ಎಂಬ ಫೋಲ್ಡರ್, ಕೊನೆಯಲ್ಲಿ 'ಗ್ವಾವಾ' ಎಂಬ ಡೀಬಗ್ ಫೈಲಿನ ಹೆಸರು. ಅಷ್ಟು ಜಾಗರೂಕರಾಗಿ ಗುರುತು ಮರೆಸಿಕೊಂಡವರ ಬಿಲ್ಡ್ ಯಂತ್ರದ ಫೋಲ್ಡರ್ ಹೆಸರು ಜಗತ್ತಿಗೆ ಗೊತ್ತಾಯಿತು, ಅದರ ಅರ್ಥದ ಸುತ್ತ ತಜ್ಞರು ಬಹುಕಾಲ ಊಹೆಗಳನ್ನು ಕಟ್ಟಿದರು. ನಮ್ಮ ನಿಮ್ಮ ಬೈನರಿಗಳಲ್ಲಿ ಉಳಿಯುವುದು ಯೂಸರ್ ನೇಮ್, ಗ್ರಾಹಕರ ಪ್ರಾಜೆಕ್ಟಿನ ಒಳಹೆಸರು, ಕಚೇರಿಯ ಫೋಲ್ಡರ್ ವ್ಯವಸ್ಥೆ. ಹೊರಗೆ ಹೋಗಬಾರದ ವಿಷಯಗಳೇ.

ಒಂದೇ ಸೋರ್ಸಿನಿಂದ ಯಾರು ಎಲ್ಲಿ ಬಿಲ್ಡ್ ಮಾಡಿದರೂ ಬಿಟ್‌ಗೆ ಬಿಟ್ ಅದೇ ಬೈನರಿ ಬರಬೇಕು ಎಂದು ಶ್ರಮಿಸುತ್ತಿರುವ ರೀಪ್ರೊಡ್ಯೂಸಿಬಲ್ ಬಿಲ್ಡ್ಸ್ ಬಳಗದವರಿಗೂ ಈ ಪಾತ್‌ಗಳು ದೊಡ್ಡ ತಲೆನೋವಾಗಿದ್ದವು. 2018ರಲ್ಲಿ ಬಂದ ಜಿಸಿಸಿ 8ರಲ್ಲಿ 'ಫೈಲ್ ಪ್ರಿಫಿಕ್ಸ್ ಮ್ಯಾಪ್' ಎಂಬ ಆಯ್ಕೆ ಸೇರಿತು. ಕಂಪೈಲ್ ಮಾಡುವಾಗ ಉದ್ದನೆಯ ಬೇರಿನ ಪಾತನ್ನು ಒಂದು ಸಾಮಾನ್ಯ ಹೆಸರಿಗೆ ಬದಲಾಯಿಸಿ ಬರೆಯುತ್ತದೆ. ಗೋ ಭಾಷೆಯಲ್ಲಿ 2019ರ 1.13ರಿಂದ 'ಟ್ರಿಮ್‌ಪಾತ್' ಇದೆ. ಹೀಗೆ ಕತ್ತರಿಸಿದ ಮೇಲೆ ಡೀಬಗರಿಗೆ ಹಿಮ್ಮುಖದ ಅನುವಾದ ಹೇಳಿಕೊಡಬೇಕಾಗುತ್ತದೆ: ಬೈನರಿಯಲ್ಲಿ ಈ ಹೆಸರಿದ್ದರೆ ಸೋರ್ಸ್ ವರ್ಕ್‌ಸ್ಪೇಸ್‌ಫೋಲ್ಡರಿನಲ್ಲಿದೆ ಎಂದು. ಸಿ++ ಡೀಬಗರಿನ ಸೋರ್ಸ್‌ಫೈಲ್‌ಮ್ಯಾಪ್, ಪೈಥಾನ್ ಡೀಬಗರಿನ ಪಾತ್‌ಮ್ಯಾಪಿಂಗ್ಸ್ ಇರುವುದು ಇದಕ್ಕೇ.

ಈ ಅನುವಾದ ನಿತ್ಯದ ಅಗತ್ಯವಾಗುವುದು ಕಂಟೈನರುಗಳಲ್ಲಿ. ಡಾಕರ್ ಒಳಗೆ ಓಡುತ್ತಿರುವ ಪೈಥಾನ್ ಸರ್ವರಿಗೆ ಕೋಡ್ 'ಆ್ಯಪ್' ಫೋಲ್ಡರಿನಲ್ಲಿ ಕಾಣುತ್ತದೆ, ಎಡಿಟರಿಗೆ ಅದೇ ಕೋಡ್ ಮನೆ ಡೈರೆಕ್ಟರಿಯ ಕೆಳಗೆಲ್ಲೋ ಕಾಣುತ್ತದೆ. ಹೊಂದಿಸದಿದ್ದರೆ ಬ್ರೇಕ್‌ಪಾಯಿಂಟಿನ ಕೆಂಪು ಚುಕ್ಕೆ ಬೂದು ಬಣ್ಣದ ಟೊಳ್ಳು ವೃತ್ತವಾಗುತ್ತದೆ, ಕೋಡ್ ನಿಲ್ಲದೆ ಓಡುತ್ತದೆ. ಸರಿಯಾದ ಮ್ಯಾಪಿಂಗ್‌ನಲ್ಲಿ ಲೋಕಲ್ ಬದಿಗೆ ವರ್ಕ್‌ಸ್ಪೇಸ್‌ಫೋಲ್ಡರ್ ಬರುತ್ತದೆ, ರಿಮೋಟ್ ಬದಿಗೆ ನೇರವಾಗಿ ಸ್ಲ್ಯಾಷ್ ಆ್ಯಪ್ ಎಂಬ ಪೂರ್ಣ ಪಾತ್ ಬರುತ್ತದೆ. ಈ ಪೂರ್ಣ ಪಾತ್ ನನಗೆ ಒಪ್ಪಿಗೆ. ಕಂಟೈನರಿನ ಒಳವಿನ್ಯಾಸವನ್ನು ಪ್ರಾಜೆಕ್ಟಿನದೇ ಡಾಕರ್‌ಫೈಲ್ ನಿರ್ಧರಿಸಿದೆ, ಬೆಂಗಳೂರಿನಲ್ಲಿ ಕಟ್ಟಿದರೂ ಬರ್ಲಿನ್‌ನಲ್ಲಿ ಕಟ್ಟಿದರೂ ಅದು ಅಲ್ಲೇ ಇರುತ್ತದೆ. ಪೂರ್ಣ ಪಾತ್ ಎಂಬ ಕಾರಣಕ್ಕೇ ಒಂದು ಸಾಲನ್ನು ತಳ್ಳಿಹಾಕುವ ಕೋಡ್ ರಿವ್ಯೂಗಳನ್ನು ನೋಡಿದ್ದೇನೆ. ಕೇಳಬೇಕಾದ ಪ್ರಶ್ನೆ ಅದು ಎಲ್ಲರಿಗೂ ಸಮಾನವಾದ ಜಾಗವೇ ಎಂಬುದು.

ವೇರಿಯಬಲ್‌ಗಳ ವಿರುದ್ಧ ಒಂದು ಗಟ್ಟಿಯಾದ ವಾದವಿದೆ, ವಿಶೇಷವಾಗಿ ಕಲಿಸುವವರ ಕಡೆಯಿಂದ. ಪೂರ್ಣ ಪಾತ್ ಬರೆದರೆ ವಿದ್ಯಾರ್ಥಿಗೆ ಏನು ನಡೆಯುತ್ತಿದೆ ಎಂದು ಕಣ್ಣಿಗೆ ಕಾಣುತ್ತದೆ; ವೇರಿಯಬಲ್ ಬರೆದರೆ ಅದು ಏನಾಗಿ ಬಿಡಿಸಿಕೊಂಡಿತು ಎಂಬುದೇ ತಿಳಿಯದೆ ಇನ್ನೊಂದು ಪದರದ ಕತ್ತಲೆ ಸೇರುತ್ತದೆ ಎಂಬುದು ಆ ವಾದ. ಇದರಲ್ಲಿ ಹುರುಳಿದೆ. ನನ್ನ ಉತ್ತರವೆಂದರೆ, ಕತ್ತಲೆಯನ್ನು ಹೋಗಲಾಡಿಸುವ ಉಪಾಯ ಅಗ್ಗದಲ್ಲೇ ಇದೆ. ಎಲ್ಲ ವೇರಿಯಬಲ್‌ಗಳನ್ನೂ ಎಕೋ ಮಾಡಿ ಟರ್ಮಿನಲ್ಲಿನಲ್ಲಿ ತೋರಿಸುವ ಒಂದು ಟಾಸ್ಕನ್ನು ಬರೆದಿಟ್ಟರೆ, ಯಾವುದು ಏನಾಗಿದೆ ಎಂದು ಒಂದೇ ನೋಟಕ್ಕೆ ಸಿಗುತ್ತದೆ. ಮೊದಲ ಲ್ಯಾಬ್ ತರಗತಿಯಲ್ಲಿ ಹಲೋ ವರ್ಲ್ಡ್‌ಗೂ ಮೊದಲು ಈ ಟಾಸ್ಕನ್ನು ಓಡಿಸಿ, ಬೇರೆ ಬೇರೆ ಫೋಲ್ಡರ್ ತೆರೆದು ಉತ್ತರ ಹೇಗೆ ಬದಲಾಗುತ್ತದೆ ಎಂದು ತೋರಿಸಿದರೆ, ಕೆಲಸದ ಡೈರೆಕ್ಟರಿ ಎಂಬ ಕಲ್ಪನೆಯೇ ಮಕ್ಕಳಿಗೆ ಗಟ್ಟಿಯಾಗುತ್ತದೆ. ಕಾಲೇಜಿನ ಲ್ಯಾಬ್ ಯಂತ್ರದಲ್ಲಿ ಬರೆದು, ಪೆನ್‌ಡ್ರೈವ್‌ನಲ್ಲಿ ಒಯ್ದು, ಹಾಸ್ಟೆಲಿನ ಲ್ಯಾಪ್‌ಟಾಪಿನಲ್ಲಿ ಮುಂದುವರಿಸುವ ವಿದ್ಯಾರ್ಥಿಗೆ ಪೂರ್ಣ ಪಾತ್ ಕೊಡುವ ಸ್ಪಷ್ಟತೆ ಯಂತ್ರ ಬದಲಾದ ಕೂಡಲೇ ಮುಗಿದುಹೋಗುತ್ತದೆ.

ಕನ್ನಡದಲ್ಲಿ ಫೋಲ್ಡರ್ ಹೆಸರಿಡುವವರ ಪಾಡು ಬೇರೆಯೇ ಆಗಿದೆ. ವಿಂಡೋಸ್ ಖಾತೆಯ ಹೆಸರನ್ನು ಕನ್ನಡದಲ್ಲಿ ಕೊಟ್ಟರೆ, ಅವರ ಪ್ರತಿಯೊಂದು ಪಾತ್‌ನಲ್ಲೂ ಕನ್ನಡ ಅಕ್ಷರಗಳು ಬರುತ್ತವೆ. ವರ್ಕ್‌ಸ್ಪೇಸ್‌ಫೋಲ್ಡರ್ ಬಳಸಿದ ಕಾನ್ಫಿಗರೇಶನ್ನಿನಲ್ಲಿ ಆ ಭಾಗ ಕಾಣುವುದಿಲ್ಲ, ಆದರೆ ಬಿಡಿಸಿದ ಮೇಲೆ ಕಂಪೈಲರಿಗೂ ಡೀಬಗರಿಗೂ ಹೋಗುವುದು ಅದೇ. ಎಡಿಟರ್ ಯೂನಿಕೋಡ್ ಬಲ್ಲದು. ವಿಂಡೋಸ್‌ನ ಹಳೆಯ ಬಗೆಯ ಪ್ರೋಗ್ರಾಮುಗಳು ಮಾತ್ರ ಸಿಸ್ಟಮ್ಮಿನ ಆನ್ಸಿ ಕೋಡ್ ಪೇಜ್ ಮೂಲಕ ಹೆಸರುಗಳನ್ನು ಓದುತ್ತವೆ, ಮತ್ತು ಕನ್ನಡಕ್ಕೆ ಅಂಥ ಕೋಡ್ ಪೇಜ್ ಇಲ್ಲವೇ ಇಲ್ಲ; ಕನ್ನಡ ವಿಂಡೋಸ್‌ಗೆ ಬಂದದ್ದೇ ಯೂನಿಕೋಡ್ ಮೂಲಕ. ರಷ್ಯನ್ ಅಥವಾ ಗ್ರೀಕ್ ಹೆಸರಿನ ಫೋಲ್ಡರ್ ತನ್ನ ದೇಶದ ಯಂತ್ರದಲ್ಲಾದರೂ ಹೇಗೋ ಪಾರಾಗುತ್ತಿತ್ತು, ಕನ್ನಡದ್ದು ಎಲ್ಲಿಯೂ ಪಾರಾಗುತ್ತಿರಲಿಲ್ಲ. ಅಕ್ಷರಗಳಿದ್ದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಬಂದು ಫೈಲ್ ಸಿಗುವುದಿಲ್ಲ. ಮೈಕ್ರೋಸಾಫ್ಟ್ 2019ರ ವಿಂಡೋಸ್ 10 ಆವೃತ್ತಿ 1903ರಿಂದ ಪ್ರೋಗ್ರಾಮುಗಳು ಯುಟಿಎಫ್-8ನ್ನೇ ತಮ್ಮ ಕೋಡ್ ಪೇಜ್ ಎಂದು ಘೋಷಿಸಿಕೊಳ್ಳಲು ದಾರಿಮಾಡಿದೆ, ಆದರೆ ಪ್ರತಿಯೊಂದು ಸಾಧನವೂ ಅದನ್ನು ಬಳಸಿಕೊಳ್ಳಬೇಕು. ಲಿನಕ್ಸ್‌ನಲ್ಲಿ ಹೆಸರು ಬರೀ ಬೈಟುಗಳ ಸಾಲಾದ್ದರಿಂದ ತೊಂದರೆ ಕಡಿಮೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕಾಗುವುದರಿಂದ ಒಂದು ಹೆಸರಿಗಿರುವ 255 ಬೈಟಿನ ಮಿತಿಯೊಳಗೆ 85 ಸಂಕೇತ ಹಿಡಿಸುತ್ತದೆ, ಅಷ್ಟು ಸಾಕು.

ಇದಕ್ಕೆ ಎಲ್ಲೆಡೆ ಸಿಗುವ ಪರಿಹಾರ 'ಫೋಲ್ಡರಿಗೆ ಇಂಗ್ಲಿಷ್ ಹೆಸರಿಡಿ, ಸ್ಪೇಸ್ ಬಿಡಬೇಡಿ' ಎಂಬುದು. ನಾಳೆ ಲ್ಯಾಬ್ ಪರೀಕ್ಷೆ ಇರುವವರಿಗೆ ನಾನೂ ಅದನ್ನೇ ಹೇಳಬೇಕಾಗುತ್ತದೆ. ಆದರೆ ಅದನ್ನು ನಿಯಮವೆಂದು ಒಪ್ಪಿಕೊಳ್ಳಲು ನನಗೆ ಮನಸ್ಸಿಲ್ಲ. ತನ್ನ ಹೆಸರನ್ನು ತನ್ನ ಲಿಪಿಯಲ್ಲಿ ಬರೆದುಕೊಂಡದ್ದಕ್ಕೆ ಕಂಪೈಲ್ ಆಗದಿದ್ದರೆ ತಿದ್ದಬೇಕಾದದ್ದು ಸಾಧನ. ಕಾನ್ಫಿಗರೇಶನ್ ಬರೆಯುವವರ ಕೈಯಲ್ಲಿರುವ ಭಾಗವೆಂದರೆ ವೇರಿಯಬಲ್‌ಗಳನ್ನು ಕೋಟ್ ಮಾಡುವುದು, ಆರ್ಗ್ಯುಮೆಂಟುಗಳನ್ನು ಒಂದೇ ಉದ್ದ ಸಾಲಾಗಿ ಅಂಟಿಸದೆ ಬಿಡಿಬಿಡಿಯಾಗಿ ಪಟ್ಟಿಮಾಡುವುದು, ಯೂನಿಕೋಡ್ ಬಲ್ಲ ಕಂಪೈಲರ್ ಆವೃತ್ತಿಯನ್ನು ರೀಡ್‌ಮೀಯಲ್ಲಿ ಹೆಸರಿಸುವುದು. ದೋಷ ಕಂಡರೆ ಆ ಸಾಧನದವರಿಗೆ ಕನ್ನಡದ ಪಾತ್ ಸಮೇತ ವರದಿ ಮಾಡುವುದು ಕೂಡ. ಯಾರೂ ವರದಿ ಮಾಡದ ದೋಷವನ್ನು ಯಾರೂ ಸರಿಪಡಿಸುವುದಿಲ್ಲ.

ಕೊನೆಗೆ, ಡಾಟ್ ವಿಎಸ್‌ಕೋಡ್ ಫೋಲ್ಡರನ್ನು ಗಿಟ್‌ಗೆ ಸೇರಿಸಬೇಕೇ ಎಂಬ ಹಳೆಯ ಜಗಳ. ಗಿಟ್‌ಹಬ್ ಒದಗಿಸುವ ಇಗ್ನೋರ್ ಮಾದರಿ ಆ ಫೋಲ್ಡರನ್ನು ಬಿಟ್ಟರೂ ಅದರೊಳಗಿನ ಸೆಟ್ಟಿಂಗ್ಸ್, ಟಾಸ್ಕ್ಸ್, ಲಾಂಚ್ ಮುಂತಾದ ಕೆಲವು ಫೈಲುಗಳನ್ನು ಉಳಿಸಿಕೊಳ್ಳುತ್ತದೆ. ಹಲವು ತಂಡಗಳು ಇಡೀ ಫೋಲ್ಡರನ್ನೇ ಬಿಟ್ಟುಬಿಡುತ್ತವೆ, ಕಾರಣ ಕೇಳಿದರೆ 'ಒಬ್ಬರ ಪಾತ್ ಇನ್ನೊಬ್ಬರದನ್ನು ಕೆಡಿಸುತ್ತದೆ' ಎನ್ನುತ್ತವೆ. ಪಾತ್‌ಗಳನ್ನು ಸರಿಯಾದ ಜಾಗದಿಂದ ಬರೆದರೆ ಈ ಕಾರಣ ಇಲ್ಲವಾಗುತ್ತದೆ. ಜೊತೆಗೆ ಕಾನ್ಫಿಗರೇಶನ್ ಫೈಲನ್ನು ತೆಳ್ಳಗೆ ಇಡಬೇಕು. ಬಿಲ್ಡ್ ಹೇಗೆ ಎಂಬ ಜ್ಞಾನವೆಲ್ಲ ಮೇಕ್‌ಫೈಲಿನಲ್ಲೋ ಸಿಮೇಕ್‌ನಲ್ಲೋ ಇರಲಿ, ಟಾಸ್ಕ್ಸ್ ಫೈಲ್ ಅದನ್ನು ವರ್ಕ್‌ಸ್ಪೇಸ್‌ಫೋಲ್ಡರಿನಲ್ಲಿ ನಿಂತು ಕರೆಯಲಿ. ತಂಡದಲ್ಲಿ ವಿಮ್ ಬಳಸುವವರಿರುತ್ತಾರೆ, ಇಂಟೆಲಿಜೆಯವರಿರುತ್ತಾರೆ, ರಾತ್ರಿ ತಾನಾಗಿ ಬಿಲ್ಡ್ ಮಾಡುವ ಸರ್ವರ್ ಇರುತ್ತದೆ. ಇವರಾರೂ ಈ ಎಡಿಟರಿನ ವೇರಿಯಬಲ್‌ಗಳನ್ನು ಬಿಡಿಸಲಾರರು. ಎಡಿಟರಿಗಷ್ಟೇ ಗೊತ್ತಿರುವ ಬಿಲ್ಡ್ ಆದೇಶ ಅವರ ಪಾಲಿಗೆ ಇಲ್ಲದಂತೆಯೇ. ಡೀಬಗರಿನ ವಿವರ, ಸೋರ್ಸ್ ಮ್ಯಾಪಿಂಗ್, ಆರ್ಗ್ಯುಮೆಂಟುಗಳು ಎಡಿಟರಿನ ಫೈಲಿನಲ್ಲಿ ಉಳಿಯಲಿ, ಅವುಗಳ ಜಾಗ ಅದೇ.

ಇದೆಲ್ಲ ಸರಿಯಾಗಿದೆಯೇ ಎಂದು ನೋಡಲು ಬರೆದವರ ಯಂತ್ರ ಸಾಲದು, ಅಲ್ಲಿ ತಪ್ಪು ಪಾತ್ ಕೂಡ ಸರಿಯಾಗಿಯೇ ಓಡುತ್ತದೆ. ರೆಪೊವನ್ನು ಇನ್ನೊಂದು ಡೈರೆಕ್ಟರಿಗೆ, ನಡುವೆ ಸ್ಪೇಸ್ ಇರುವ ಕನ್ನಡ ಹೆಸರಿನ ಫೋಲ್ಡರಿಗೆ ಹೊಸದಾಗಿ ಕ್ಲೋನ್ ಮಾಡಿ. ಸಂಬಂಧವಿಲ್ಲದ ಯಾವುದಾದರೂ ಫೈಲನ್ನು, ರೀಡ್‌ಮೀಯನ್ನೇ ಆಗಲಿ, ಮುಂದೆ ತೆರೆದಿಟ್ಟುಕೊಂಡು ಎಫ್5 ಒತ್ತಿ. ಬ್ರೇಕ್‌ಪಾಯಿಂಟಿನಲ್ಲಿ ನಿಲ್ಲದಿದ್ದರೆ ಯಾವ ಸಾಲು ನಿಮ್ಮ ಹಳೆಯ ಫೋಲ್ಡರನ್ನು ನಂಬಿಕೊಂಡಿತ್ತು ಎಂಬುದು ಆ ದೋಷ ಸಂದೇಶದಲ್ಲೇ ಸಿಗುತ್ತದೆ.